ಸಿ ಪ್ರೋಗ್ರಾಂಗಳು ಟರ್ಮಿನಲ್‌ನಿಂದ ಕನ್ನಡ ಹೆಸರುಗಳನ್ನು ಓದುವ ವಿಧಾನ: ಅರ್ಜಿದಾರರ ಅವಗಾಹನೆಗಾಗಿ

ಅರ್ಜಿಯಲ್ಲಿ ಸರಿಯಾಗಿ ಬರೆದ ಹೆಸರು ಗಣಕೀಕೃತ ದಾಖಲೆಯಲ್ಲಿ ಅರ್ಧಕ್ಕೆ ತುಂಡಾಗಿ ಮುದ್ರಿತವಾಗುವ ಸಂಭವವಿರುತ್ತದೆ. ಇದರ ಕಾರಣವನ್ನು ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳ ಹೆಸರುಗಳ ಮೂಲಕವೇ ಇಲ್ಲಿ ವಿವರಿಸಲಾಗಿದೆ.

‘ಶ್ರೀರಂಗಪಟ್ಟಣ’ ಎಂಬುದು ಕಣ್ಣಿಗೆ ಆರು ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಹಾಗೂ ಒತ್ತಕ್ಷರವನ್ನು ಜೋಡಿಸುವ ವಿರಾಮಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಅದು 12 ಸಂಕೇತಗಳಾಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ನಂತೆ ಒಟ್ಟು 36 ಬೈಟ್. ಕೃಷ್ಣರಾಜಪೇಟೆಗೂ 12, ಪಾಂಡವಪುರಕ್ಕೆ 8, ನಾಗಮಂಗಲಕ್ಕೆ 7 ಸಂಕೇತಗಳು. ‘ಕೆ.ಆರ್.ಪೇಟೆ’ ಎಂದು ಸಂಕ್ಷೇಪಿಸಿದರೆ ಉಳಿತಾಯವಾಗುವುದು ಒಂದೇ ಒಂದು ಸಂಕೇತ!

ಸಿ ಭಾಷೆಯಲ್ಲಿ ಇಂತಹ ಪಠ್ಯವನ್ನು ಓದಲು 1995ರ ಮಾನಕ ತಿದ್ದುಪಡಿಯ ಮೂಲಕ ‘ಡಬ್ಲ್ಯೂಚಾರ್.ಎಚ್’ ಕಡತದ ವಿಶಾಲಾಕ್ಷರ ಕಾರ್ಯಗಳು ಸೇರ್ಪಡೆಗೊಂಡವು. ಪ್ರೋಗ್ರಾಂ ಮೊದಲಿಗೆ ‘ಸೆಟ್‌ಲೊಕೇಲ್’ ಕಾರ್ಯವನ್ನು ಕರೆಯತಕ್ಕದ್ದು. ಇಲ್ಲವಾದಲ್ಲಿ ಟರ್ಮಿನಲ್‌ನಿಂದ ಬಂದ ಬೈಟ್‌ಗಳನ್ನು ಕನ್ನಡವೆಂದು ಅರ್ಥೈಸಲಾಗದು. ಅನಂತರ ‘ಎಫ್‌ಗೆಟ್‌ಡಬ್ಲ್ಯೂಎಸ್’ ಕಾರ್ಯವು ಒಂದು ಸಾಲನ್ನು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ವಿಶಾಲಾಕ್ಷರ 4 ಬೈಟ್, ವಿಂಡೋಸ್‌ನಲ್ಲಿ 2 ಬೈಟ್.

ತೊಡಕು ಇರುವುದು ಅಳತೆಯಲ್ಲಿ. ‘ಆರಕ್ಷರದ ಊರಿಗೆ ಹತ್ತು ಸ್ಥಾನ ಸಾಕು’ ಎಂದು ಪ್ರೋಗ್ರಾಂ ರಚಿಸಿದವರು ಭಾವಿಸಿದರೆ, ಒಂದು ಸ್ಥಾನ ಅಂತ್ಯಸೂಚಕಕ್ಕೆ ಹೋಗಿ 9 ಸಂಕೇತಗಳು ಮಾತ್ರ ದೊರೆಯುತ್ತವೆ. ಊರು ‘ಶ್ರೀರಂಗಪಟ’ ಎಂದು ದಾಖಲಾಗುತ್ತದೆ. ಉಳಿದ ಭಾಗ ಅಳಿಯುವುದಿಲ್ಲ. ಮುಂದಿನ ಓದುವಿಕೆಗೆ ಕಾದಿದ್ದು, ತಂದೆಯ ಹೆಸರಿನ ಅಂಕಣಕ್ಕೆ ನುಗ್ಗಬಹುದು. ಸಾಲಿನ ಕೊನೆಯ ಗುರುತೂ ಸೇರಿ ಈ ಹೆಸರಿಗೆ ಕನಿಷ್ಠ 14 ಸ್ಥಾನಗಳು ಅವಶ್ಯ.

ಬೆರಳಚ್ಚಿನ ತಪ್ಪನ್ನು ಅಳಿಸುವಾಗಲೂ ಎಚ್ಚರ ಬೇಕು. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಐಯುಟಿಎಫ್8’ ಆಯ್ಕೆ ಚಾಲನೆಯಲ್ಲಿರದಿದ್ದರೆ ಅಳಿಸುವ ಕೀಲಿಯು ಒಂದು ಸಂಕೇತದ ಬದಲು ಒಂದು ಬೈಟನ್ನು ಮಾತ್ರ ತೆಗೆಯುತ್ತದೆ. ಪರದೆಯಲ್ಲಿ ಅಕ್ಷರ ಹೋದಂತೆ ಕಂಡರೂ ಎರಡು ಬೈಟ್ ಉಳಿದು ಓದುವಿಕೆಯೇ ವಿಫಲವಾಗುತ್ತದೆ.

‘ಶ್ರೀ’ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ನೋಟಕ್ಕೆ ಎರಡೂ ಒಂದೇ ಆದರೂ ನೇರ ಹೋಲಿಕೆಯಲ್ಲಿ ಬೇರೆ ಬೇರೆ. ಪಹಣಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದಿರಲು ಇದೂ ಒಂದು ಕಾರಣವಾಗಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸುವವರು ಯೂನಿಕೋಡ್ ಆಯ್ಕೆಯಲ್ಲಿಯೇ ಬೆರಳಚ್ಚಿಸುವುದು. ಹಳೆಯ ಅಕ್ಷರಶೈಲಿಯ ಪಠ್ಯವನ್ನು ಪ್ರೋಗ್ರಾಂ ಇಂಗ್ಲಿಷ್ ಅಕ್ಷರಗಳೆಂದೇ ಓದುತ್ತದೆ.

ಟರ್ಮಿನಲ್ ಪರದೆಯಲ್ಲಿ ಒತ್ತಕ್ಷರಗಳು ಬಿಡಿಯಾಗಿ ಕಂಡ ಮಾತ್ರಕ್ಕೆ ದಾಖಲೆ ತಪ್ಪೆಂದು ತಿಳಿಯಬೇಕಾಗಿಲ್ಲ. ಅರ್ಜಿದಾರರು ಸ್ವೀಕೃತಿಯಲ್ಲಿ ಹೆಸರು, ತಂದೆಯ ಹೆಸರು ಹಾಗೂ ಗ್ರಾಮದ ಹೆಸರಿನ ಕೊನೆಯ ಅಕ್ಷರದವರೆಗೆ ಓದಿ, ವ್ಯತ್ಯಾಸವಿದ್ದಲ್ಲಿ ಪ್ರಮಾಣಪತ್ರ ಮುದ್ರಣಕ್ಕೆ ಮುನ್ನವೇ ತಿದ್ದುಪಡಿ ಕೋರತಕ್ಕದ್ದು.