ಬ್ರಿಟನ್ನಿನ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ

ಸ್ಥಳೀಯ ತೆರಿಗೆಯ ಹಣದಲ್ಲಿ ನಡೆಯುವ, ಎಲ್ಲರಿಗೂ ತೆರೆದಿರುವ ಗ್ರಂಥಾಲಯಗಳ ಜಾಲ. ಸಂಸದ ವಿಲಿಯಂ ಯೂವರ್ಟ್ ಮುಂದಾಳತ್ವದಲ್ಲಿ ಬಂದ 1850ರ ಕಾಯಿದೆ ಇದರ ಬುನಾದಿ. ತೆರಿಗೆದಾರರು ಒಪ್ಪಿದರೆ ದೊಡ್ಡ ಪಟ್ಟಣಗಳು ಆಸ್ತಿ ಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿ ಕರ ಹಾಕಬಹುದಿತ್ತು. ವಿಚಿತ್ರವೆಂದರೆ ಆ ಹಣದಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು, ಪುಸ್ತಕ ಮಾತ್ರ ಕೊಳ್ಳುವಂತಿಲ್ಲ; ಅದನ್ನು ದಾನಿಗಳಿಗೆ ಬಿಟ್ಟಿದ್ದರು! 1855ರಲ್ಲಿ ಕರ ಒಂದು ಪೆನ್ನಿಗೇರಿತು, ಪುಸ್ತಕ ಖರೀದಿಗೂ ದಾರಿಯಾಯಿತು. 1852ರಲ್ಲಿ ಮ್ಯಾಂಚೆಸ್ಟರ್ ಗ್ರಂಥಾಲಯದ ಉದ್ಘಾಟನೆಯಲ್ಲಿ ಚಾರ್ಲ್ಸ್ ಡಿಕನ್ಸ್ ಮಾತನಾಡಿದರು.

ಆರಂಭದಲ್ಲಿ ಓದುಗರು ಕಪಾಟಿನ ಹತ್ತಿರ ಸುಳಿಯುವಂತಿರಲಿಲ್ಲ. ಕೌಂಟರಿನಲ್ಲಿ ಕೇಳಿ ಪಡೆಯಬೇಕಿತ್ತು. ಜೂಜುಕೋರರು ಬಂದು ಕೂರದಿರಲೆಂದು ಕೆಲವೆಡೆ ಪತ್ರಿಕೆಗಳ ಕುದುರೆ ರೇಸಿನ ಸುದ್ದಿಗೆ ಮಸಿ ಬಳಿಯುತ್ತಿದ್ದರು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್ ಕಪಾಟುಗಳನ್ನು ಓದುಗರಿಗೆ ತೆರೆದರು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ದೇಣಿಗೆಯಿಂದ ನೂರಾರು ಕಟ್ಟಡಗಳು ಎದ್ದವು. ನಿರ್ವಹಣೆಯ ಖರ್ಚು ಊರಿನದೇ ಎಂಬುದು ಅವರ ಷರತ್ತು. 1919ರ ಕಾಯಿದೆ ಪೆನ್ನಿಯ ಮಿತಿ ತೆಗೆದು, ಕೌಂಟಿಗಳ ಮೂಲಕ ಹಳ್ಳಿಗಳನ್ನೂ ಒಳಗೊಂಡಿತು. 1964ರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗ್ರಂಥಾಲಯ ಸೇವೆಯನ್ನು ಸ್ಥಳೀಯ ಸಂಸ್ಥೆಗಳ ಶಾಸನಬದ್ಧ ಕರ್ತವ್ಯವಾಗಿಸಿತು.

1924ರಲ್ಲಿ ಲಂಡನ್ನಿಗೆ ತೆರಳಿದ ಭಾರತದ ಗ್ರಂಥಪಾಲಕ ಎಸ್. ಆರ್. ರಂಗನಾಥನ್ ಕ್ರಾಯ್ಡನ್ ಗ್ರಂಥಾಲಯದ ಕಾರ್ಯವೈಖರಿಯನ್ನು ಕಣ್ಣಾರೆ ಕಂಡು ಮರಳಿ, ಭಾರತದಲ್ಲಿ ಗ್ರಂಥಾಲಯ ಶಾಸನಕ್ಕಾಗಿ ದಶಕಗಟ್ಟಲೆ ದುಡಿದರು. ಕರ್ನಾಟಕದ 1965ರ ಗ್ರಂಥಾಲಯ ಕಾಯಿದೆಯಲ್ಲೂ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವಿದೆ.