ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ: ಲಕ್ಕೂರು ಕಡೆಯಿಂದ ಹೋಗೋರಿಗೆ ಮಾಹಿತಿ

ಲಕ್ಕೂರು: ವ್ಯಾಪಾರಕ್ಕೆಂದು ಬೆಂಗಳೂರಿನ ರಸೆಲ್ ಮಾರ್ಕೆಟ್‌ಗೆ ಹೋಗಿ ಬರುವವರಿಗೆ ಪಕ್ಕದಲ್ಲೇ ಇರುವ ಎತ್ತರದ ಗೋಪುರದ ಚರ್ಚು ಹೊಸದೇನಲ್ಲ. ಆದರೆ ‘ಬೇರೆ ಧರ್ಮದೋರನ್ನ ಒಳಗೆ ಬಿಡ್ತಾರೋ ಇಲ್ವೋ’ ಎಂದು ಗೇಟಿನಿಂದಲೇ ವಾಪಸ್ ಬರೋರೂ ಇದ್ದಾರೆ. ಸಂಕೋಚ ಬೇಡ. ಎಲ್ಲರಿಗೂ ಪ್ರವೇಶವಿದೆ, ಟಿಕೆಟ್ ಇಲ್ಲ.

ಹಿನ್ನೆಲೆ

ಇದು ಬೆಂಗಳೂರಿನ ಅತಿ ಹಳೆಯ ಚರ್ಚುಗಳಲ್ಲಿ ಒಂದು. ಈ ಜಾಗಕ್ಕೆ ಹಿಂದೆ ಬಿಳಿ ಅಕ್ಕಿ ಪಳ್ಳಿ ಎಂಬ ಹೆಸರಿತ್ತು. ತಮಿಳುನಾಡಿನ ಸೆಂಜಿ ಕಡೆಯಿಂದ ಬಂದ ರೈತರು ಮೊದಲು ಇಲ್ಲಿ ಹುಲ್ಲಿನ ಗುಡಿಸಲಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಚಿಕ್ಕ ಗುಡಿ ಕಟ್ಟಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರೂ ಇವರೇ. ಈಗಿನ ಗಾಥಿಕ್ ಶೈಲಿಯ ಕಟ್ಟಡ 1875ರಲ್ಲಿ ಶುರುವಾಗಿ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಗೊಂಡಿತು. 1974ರಲ್ಲಿ ಪೋಪ್ ಆರನೇ ಪೌಲ್ ಬೆಸಿಲಿಕಾ ಪದವಿ ನೀಡಿದರು. ಗೋಪುರದ ಎತ್ತರ ಸುಮಾರು 160 ಅಡಿ.

ಹೋಗೋದು ಹೇಗೆ?

ಲಕ್ಕೂರಿನಿಂದ ಮಾಲೂರಿಗೆ ಬಂದು, ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ ನಿಲ್ಲುವ ರೈಲು ಹತ್ತಿದರೆ ಸುಲಭ. ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ. ಬಸ್ಸಿನಲ್ಲಿ ಹೋಗೋರು ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು.

ಒಳಗೆ ಹೇಗಿರಬೇಕು?

ಇದು ಬರೀ ನೋಡೋ ಜಾಗವಲ್ಲ. ಕನ್ನಡ, ತಮಿಳು, ಇಂಗ್ಲಿಷ್‌ನಲ್ಲಿ ಪೂಜೆ ನಡೆಯುತ್ತದೆ. ಪೂಜೆ ವೇಳೆ ಓಡಾಟ, ಫೋಟೊ ಬೇಡ. ಮೊಬೈಲ್ ಸೈಲೆಂಟ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು. ಪಾದ್ರಿಗಳು ಕೊಡುವ ಪರಮಪ್ರಸಾದ ನಮ್ಮ ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಅಲ್ಲ, ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಹಾಗಾಗಿ ಸಾಲಿನಲ್ಲಿ ನಿಲ್ಲಬೇಡಿ. ಮೇಣದಬತ್ತಿ ಯಾರು ಬೇಕಾದರೂ ಹಚ್ಚಬಹುದು. ಬಣ್ಣದ ಗಾಜಿನ ಕಿಟಕಿಗಳನ್ನು ತಪ್ಪದೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇವನ್ನು ಬಿಚ್ಚಿಟ್ಟು, ಆಮೇಲೆ ಮತ್ತೆ ಕೂರಿಸಲಾಗಿತ್ತು.

ಯಾವಾಗ ಹೋಗಬೇಕು?

ಆಗಸ್ಟ್ 29ಕ್ಕೆ ಧ್ವಜಾರೋಹಣವಾಗಿ, ಸೆಪ್ಟೆಂಬರ್ 8ಕ್ಕೆ ಮೇರಿ ಮಾತೆಯ ಹಬ್ಬ. ಸೀರೆ ಉಟ್ಟ ಮಾತೆಯ ತೇರು ಸಂಜೆ ಬೀದಿಗಳಲ್ಲಿ ಸಾಗುತ್ತದೆ. ಎಲ್ಲಾ ಧರ್ಮದವರೂ ಸೇರುವುದರಿಂದ ವಿಪರೀತ ಜನ. ಆ ದಿನ ಸುತ್ತಮುತ್ತ ಗಾಡಿ ಓಡಾಟ ಕಷ್ಟ, ಮಕ್ಕಳ ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದಿಟ್ಟಿರಿ. ವಯಸ್ಸಾದವರನ್ನು ಕರೆದುಕೊಂಡು ಹೋಗೋರಿಗೆ, ನಿಧಾನವಾಗಿ ಕೂತು ನೋಡಬೇಕು ಅನ್ನೋರಿಗೆ ಹಬ್ಬ ಮುಗಿದ ಮೇಲಿನ ವಾರದ ದಿನಗಳೇ ಒಳ್ಳೆಯದು.