ರೈತನ ಕಡೆಗೆ ತಿರುಗಿದ ಪರದೆ

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಕಚೇರಿಗಳಲ್ಲಿ, ನಾಡಿನ ಉಳಿದ ತಾಲ್ಲೂಕುಗಳಲ್ಲಿ ಆದಂತೆಯೇ, ಒಂದು ಹೊಸ ಕಿಂಡಿ ತೆರೆಯಿತು. ‘ಭೂಮಿ’ ಎಂಬ ಹೆಸರಿನ ಆ ಯೋಜನೆಯನ್ನು ಕುರಿತು ಬರೆದವರೆಲ್ಲ ಅದರ ಗಾತ್ರವನ್ನು ಎಣಿಸಿ ಹೇಳಿದ್ದಾರೆ: 177 ತಾಲ್ಲೂಕುಗಳು, 67 ಲಕ್ಷ ರೈತರು, ಎರಡು ಕೋಟಿ ದಾಖಲೆಗಳು, ಒಂದು ಪಹಣಿಗೆ 15 ರೂಪಾಯಿ ಶುಲ್ಕ. ಈ ಎಣಿಕೆಯ ಸಂಭ್ರಮದಲ್ಲಿ ಅರ್ಧ ವಾಕ್ಯದಲ್ಲಿ ಮುಗಿದುಹೋದ ಸಂಗತಿಯೊಂದುಂಟು. ಗುಮಾಸ್ತನ ಎದುರಿಗಿದ್ದ ಕಂಪ್ಯೂಟರಿನ ಪರದೆಯಲ್ಲದೆ, ಕಿಂಡಿಯ ಈಚೆ ನಿಂತವನ ಮುಖಕ್ಕೆ ಅಭಿಮುಖವಾಗಿ ಇನ್ನೊಂದು ಪರದೆಯನ್ನು ಇಡಬೇಕೆಂದೂ, ತನ್ನ ಜಮೀನಿನ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ರೈತನು ಅದು ನಡೆಯುತ್ತಿರುವಾಗಲೇ ನೋಡಬೇಕೆಂದೂ ಆ ಯೋಜನೆಯನ್ನು ರೂಪಿಸಿದವರು ಬಗೆದಿದ್ದರು. ನನ್ನ ಎಣಿಕೆಯಲ್ಲಿ, ಎರಡು ಕೋಟಿ ದಾಖಲೆಗಳನ್ನು ಯಂತ್ರಕ್ಕೆ ಏರಿಸಿದ ಸಾಹಸಕ್ಕಿಂತ ಈ ಎರಡನೆಯ ಪರದೆಯ ಕಲ್ಪನೆಯೇ ಹಿರಿದು. ಅದು ಏಕೆ ಹಿರಿದೆಂಬುದನ್ನು ತಿಳಿಯಬೇಕಾದರೆ ನಮ್ಮ ಕಡೆಯ ಭೂದಾಖಲೆಗಳು ಯಾರ ಕಣ್ಣಿಗೆ ಬೀಳುತ್ತಿದ್ದವು, ಯಾರ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬ ಹಳೆಯ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ಮುದ್ರಿತ ನಮೂನೆಗಳು ಬರುವುದಕ್ಕೆ ಮುಂಚೆ ಊರಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ ಇರುತ್ತಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ತಿದ್ದುವುದಕ್ಕೂ ಅನುಕೂಲವಾಗಿದ್ದಿತು. ಈ ಅನುಕೂಲದಲ್ಲಿಯೇ ರೈತನ ಆತಂಕದ ಬೀಜವೂ ಇದ್ದಿತೆಂದು ಹೇಳಬೇಕಾಗಿಲ್ಲ. ಅವಸರದ ಮೋಡಿ ಅಕ್ಷರಗಳನ್ನು ಬರೆದವರೇ ಓದಬೇಕು. ಓದಿ ಹೇಳಿದ್ದನ್ನು ಕೇಳಿದವನು ನಂಬಬೇಕು. ಶಾನುಭೋಗರೆಲ್ಲ ಕುಟಿಲರಾಗಿದ್ದರೆಂದು ನಾನು ಹೇಳುವುದಿಲ್ಲ. ಇಡೀ ಊರಿನ ಗಡಿ, ಗೆರೆ, ಮೂರು ತಲೆಮಾರಿನ ಪಾಲುಪಾರೀಕತ್ತುಗಳನ್ನು ಬಾಯಿಪಾಠವಾಗಿ ಬಲ್ಲ ಸಜ್ಜನರು ಅವರಲ್ಲಿ ಅನೇಕರಿದ್ದರು. ಆದರೆ ಸಜ್ಜನನ ಕಡತವೂ ಅವನ ಕಡೆಗೇ ತಿರುಗಿರುತ್ತಿದ್ದಿತು.

ಬೌರಿಂಗ್ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1863ರಲ್ಲಿ, ರೆವಿನ್ಯೂ ಸರ್ವೆ ಆರಂಭವಾದ ಮೇಲೆ ಹೊಲಗದ್ದೆಗಳಿಗೆ ನಂಬರುಗಳು ಬಂದವು. ಮೂವತ್ತಮೂರು ಅಡಿಯ ಸರಪಳಿಯನ್ನು ಎಳೆದು, ಅದರ ಚದರವನ್ನು ಗುಂಟೆಯೆಂದೂ, ನಲವತ್ತು ಗುಂಟೆಯನ್ನು ಎಕರೆಯೆಂದೂ ಕರೆದು, ನೆಲವನ್ನು ಅಂಕಗಣಿತಕ್ಕೆ ಒಪ್ಪಿಸಿದರು. ಅಳತೆ ನಿಖರವಾಯಿತು, ಬರೆವಣಿಗೆಯ ದಿಕ್ಕು ಮಾತ್ರ ಬದಲಾಗಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಶಾಸನವು 1963ರಲ್ಲಿ ಜಾರಿಗೆ ಬಂದು, ಶಾನುಭೋಗರ ಸ್ಥಾನದಲ್ಲಿ ಸರ್ಕಾರದ ಸಂಬಳದ ಗ್ರಾಮಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು 9000 ಮಂದಿ ಲೆಕ್ಕಿಗರು, ಅವರ ವಶದಲ್ಲಿ ಪಹಣಿಯ ಪುಸ್ತಕಗಳು. ನಕಲಿನ ಅಧಿಕೃತ ಶುಲ್ಕ ಎರಡು ರೂಪಾಯಿ, ಅನಧಿಕೃತ ಶುಲ್ಕವು ರೈತನ ಅವಸರಕ್ಕೆ ತಕ್ಕಂತೆ. ಬೆಳೆಸಾಲಕ್ಕೂ, ಜಾಮೀನಿಗೂ, ಮಾರಾಟಕ್ಕೂ, ಪೌತಿ ಖಾತೆಗೂ ಆ ಹಾಳೆಯೇ ಆಧಾರ.

ಗೊರೂರಿನ ಸುತ್ತಿನವರಿಗೆ ಈ ಹಾಳೆಯ ಬೆಲೆ ಇತರರಿಗಿಂತ ಹೆಚ್ಚಾಗಿಯೇ ತಿಳಿದಿದೆ. ರಾಮಸ್ವಾಮಿ ಅಯ್ಯಂಗಾರ್ಯರ ಲೇಖನಿಯಿಂದ ಕನ್ನಡ ಓದುಗರಿಗೆಲ್ಲ ಸ್ವಂತ ಊರಿನಂತಾಗಿದ್ದ ಆ ಹಳ್ಳಿಯ ಬಳಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರಲ್ಲಿ ಮುಗಿದು, 37 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯವಾಯಿತು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಹೊರಬೀಳುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಅದರ ಸುತ್ತ ಮುಳುಗಿದ ಗದ್ದೆಗಳನ್ನು ನೋಡಲು ಯಾರೂ ಬರುವುದಿಲ್ಲ, ಏಕೆಂದರೆ ಅವು ಹೊರಬೀಳುವುದು ಕಾಗದದ ಮೇಲೆ ಮಾತ್ರ. ಉತ್ತು ಬಿತ್ತಿದ ನೆಲ ನೀರಿನಡಿಗೆ ಹೋದಮೇಲೆ, ಅದು ತನ್ನದಾಗಿತ್ತೆಂದು ಹೇಳುವುದಕ್ಕೆ ಒಡೆಯನಿಗೆ ಉಳಿದದ್ದು ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂಬ ಪ್ರಶ್ನೆಯೊಂದೇ. ಅತ್ತ ನಾಲೆಯ ನೀರು ಹರಿದಲ್ಲಿ ಖುಷ್ಕಿಯು ತರಿಯಾಗಿ ಬೆಲೆ ಏರಿದುದರಿಂದ, ಅಲ್ಲಿಯೂ ಅದೇ ಪ್ರಶ್ನೆ ಬೇರೆ ಮುಖದಿಂದ ಎದ್ದಿತು.

ಯಂತ್ರದ ಕಾಲ ಒಂದೇ ಹೆಜ್ಜೆಗೆ ಬರಲಿಲ್ಲ. 1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗವು ನಡೆಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಾಖಲೆಯು ದಿನದಿನವೂ ಬದಲಾಗುತ್ತಿದ್ದುದು ತಾಲ್ಲೂಕಿನಲ್ಲಿ, ಅಲ್ಲಿಯೋ ಕಂಪ್ಯೂಟರನ್ನು ಇಡುವ ಏರ್ಪಾಡೇ ಇರಲಿಲ್ಲ. ಅಲ್ಲಿ ತಂದೆ ಸತ್ತು ಮಕ್ಕಳ ಹೆಸರಿಗೆ ಖಾತೆಯಾದರೂ, ಯಂತ್ರದೊಳಗೆ ತಂದೆ ಬದುಕಿಯೇ ಇರುತ್ತಿದ್ದ. ಒಂದು ಕಡೆ ಆದ ಬದಲಾವಣೆಯು ಇನ್ನೊಂದು ಕಡೆಗೆ ತಿಳಿಯದಿರುವ ಈ ವ್ಯಾಧಿಯು ಮುಂದೆ ಬೇರೊಂದು ಸಂದರ್ಭದಲ್ಲಿ ಮತ್ತೆ ಕಾಣಿಸಿಕೊಳ್ಳುವುದರಿಂದ ಇಲ್ಲಿ ಅದನ್ನು ಗುರುತಿಸಿಟ್ಟಿದ್ದೇನೆ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಹೊಸ ಮಾದರಿಯನ್ನು ಪರೀಕ್ಷಿಸಿ, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬರೆದ ತಂತ್ರಾಂಶದೊಡನೆ ‘ಭೂಮಿ’ಯು ತಾಲ್ಲೂಕು ಮಟ್ಟಕ್ಕೇ ಇಳಿದಾಗ ಈ ವ್ಯಾಧಿಗೆ ಮದ್ದು ದೊರೆಯಿತು. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದರು. ತಿದ್ದುವವನು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂದರು. ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ಯಂತ್ರದ ಕೈಗೇ ಕೊಟ್ಟರು. ಇವೆಲ್ಲದರ ಜೊತೆಗೆ ಆ ಎರಡನೆಯ ಪರದೆ.

ಓದುಬಾರದ ರೈತನಿಗೆ ಪರದೆಯಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಕೇಳುವವರು ತಾಲ್ಲೂಕು ಕಚೇರಿಯ ಸರದಿಯಲ್ಲಿ ನಿಂತವರಲ್ಲ. ನಮ್ಮಲ್ಲಿ ಯಾವನೂ ಕಚೇರಿಗೆ ಒಬ್ಬನೇ ಹೋಗುವುದಿಲ್ಲ; ಭಾವಮೈದುನನೋ, ಹೈಸ್ಕೂಲಿಗೆ ಹೋಗುವ ಮಗಳೋ, ಕಡೆಗೆ ಹಿಂದೆ ನಿಂತ ಅಪರಿಚಿತನೋ ಓದಿ ಹೇಳುತ್ತಾನೆ. ‘ನಿಮ್ಮ ಸರ್ವೆ ನಂಬರು ಇದೇ ತಾನೆ, ಎರಡು ಎಕರೆ ಹದಿನೈದು ಗುಂಟೆ ಅಂತಿದೆ, ಹನ್ನೊಂದನೇ ಕಾಲಮ್ಮಲ್ಲಿ ಸೊಸೈಟಿ ಸಾಲ ತೋರಿಸ್ತಿದೆ’ ಎಂಬ ಮಾತು ಕಿಂಡಿಯ ಹೊರಗಿನಿಂದ ಹುಟ್ಟುವುದು ಸಾಮಾನ್ಯ ಸಂಗತಿಯಲ್ಲ. ಒಳಗಿನವನು ಹೇಳಿದ್ದನ್ನು ಹೊರಗಿನವನು ಕೇಳುವ ನೂರಾರು ವರ್ಷಗಳ ಪದ್ಧತಿ ಅಲ್ಲಿ ಕೆಲವು ನಿಮಿಷಗಳ ಮಟ್ಟಿಗಾದರೂ ತಿರುಗುಮುರುಗಾಯಿತು.

ಇನ್ನು, ಈ ಎರಡನೆಯ ಪರದೆ ಬೆಳಗುವುದೂ ಕಪ್ಪಾಗುವುದೂ ಅದನ್ನೇ ಅವಲಂಬಿಸಿರುವುದರಿಂದ, ಯಂತ್ರವು ತನ್ನ ಹೊರಗಿನ ಪರದೆಯನ್ನು ಗುರುತಿಸುವ ಬಗೆಯನ್ನು ಹೇಳಬೇಕು. ಇದಕ್ಕೂ ಒಂದು ಇತಿಹಾಸವುಂಟು. 1987ರಲ್ಲಿ ಐಬಿಎಂ ಕಂಪನಿಯು ತಂದ ವಿಜಿಎ ಎಂಬ ಜೋಡಣೆಯಲ್ಲಿ ಮೂರು ಸಾಲುಗಳಲ್ಲಿ ಹದಿನೈದು ಸೂಜಿಗಳು. ಆಗಿನ ಕಂಪ್ಯೂಟರಿಗೆ ಎದುರಿಗಿರುವ ಪರದೆ ಯಾವುದೆಂದು ಸರಿಯಾಗಿ ತಿಳಿಯದು, ಒಂದೆರಡು ಸೂಜಿಗಳ ಸನ್ನೆಯಿಂದ ಸ್ಥೂಲವಾಗಿ ಊಹಿಸಿಕೊಂಡು ಚಿತ್ರವನ್ನು ಸುರಿಯುವುದಷ್ಟೇ ಅದರ ಕೆಲಸ. ಒಂದೇ ಚಿತ್ರವನ್ನು ಕವಲೊಡೆಸಿ ಎರಡು ಮಾನಿಟರುಗಳಿಗೆ ಕಳುಹಿಸುವ ಸಣ್ಣ ಪೆಟ್ಟಿಗೆಯನ್ನು ನಡುವೆ ಸಿಕ್ಕಿಸಿದರೆ, ಎರಡನೆಯದು ಇದೆಯೆಂಬುದು ಯಂತ್ರಕ್ಕೆ ಗೊತ್ತಾಗುವ ಅಗತ್ಯವೇ ಇರಲಿಲ್ಲ. ಗೊತ್ತಿಲ್ಲದ ಕಾರಣ ಅದನ್ನು ಮರೆಯುವ ಸಂಭವವೂ ಇರಲಿಲ್ಲ. 1994ರಲ್ಲಿ ವೆಸಾ ಎಂಬ ಮಾನಕಸಂಸ್ಥೆಯು ಪರದೆಯು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಕ್ರಮವನ್ನು ಗೊತ್ತುಮಾಡಿತು. ಪ್ರತಿಯೊಂದು ಮಾನಿಟರಿನೊಳಗೂ 128 ಬೈಟುಗಳ ಚಿಕ್ಕ ದಾಖಲೆಯೊಂದು ಅಡಗಿರುವುದು. ಇದನ್ನು ಇಡಿಐಡಿ ಎನ್ನುವರು. ತಯಾರಕನ ಹೆಸರು ಮೂರು ಅಕ್ಷರಗಳಲ್ಲಿ, ಕ್ರಮಸಂಖ್ಯೆ, ಹುಟ್ಟಿದ ವಾರ ಮತ್ತು ವರ್ಷ, ಉದ್ದಗಲ, ತೋರಿಸಬಲ್ಲ ಚಿತ್ರಗಳ ಪ್ರಮಾಣ, ಕಡೆಯಲ್ಲಿ ಮೊತ್ತವು ತಾಳೆಯಾಗುವುದೇ ಎಂದು ಪರೀಕ್ಷಿಸುವ ಒಂದು ಬೈಟು. ಇದನ್ನು ಪರದೆಯ ಪಹಣಿಯೆಂದರೆ ಹಾಸನದ ಸೀಮೆಯವರಿಗೆ ಬೇರೆ ವಿವರಣೆ ಬೇಕಾಗಲಾರದು. ವಿಜಿಎ ತಂತಿಯಲ್ಲಿ ಹನ್ನೆರಡನೆಯ ಮತ್ತು ಹದಿನೈದನೆಯ ಸೂಜಿಗಳು ಈ ದಾಖಲೆಯನ್ನು ಒಯ್ಯುತ್ತವೆ. ಅಗ್ಗದ ಕೇಬಲುಗಳಲ್ಲಿ ಇವೆರಡೇ ಇರದಿರುವುದುಂಟು. ಆಗ ಚಿತ್ರದ ದಾರಿ ಸರಿಯಾಗಿದ್ದರೂ ಪರಿಚಯದ ದಾರಿ ಕಡಿದುಹೋಗಿ, ಯಂತ್ರವು ಎದುರಿಗಿದ್ದವನನ್ನು ಕಂಡೂ ಕಾಣದಂತಿರುತ್ತದೆ. ಮುಂದೆ ಬಂದ ಎಚ್‌ಡಿಎಂಐಯಲ್ಲಿ ಹತ್ತೊಂಬತ್ತನೆಯ ಸೂಜಿಯು ‘ನಾನು ಬಂದೆ’ ಎಂದು ಎಚ್ಚರಿಸುತ್ತದೆ. 2014ರಲ್ಲಿ ಬಂದ ಟೈಪ್-ಸಿ ರಂಧ್ರದಲ್ಲಿಯಂತೂ ವಿದ್ಯುತ್ತು, ದತ್ತಾಂಶ, ಚಿತ್ರ ಮೂರಕ್ಕೂ ಒಂದೇ ಬಾಗಿಲಾಗಿ, ಯಾವುದಕ್ಕೆ ಬಾಗಿಲು ತೆರೆಯಬೇಕೆಂಬುದೇ ಎರಡು ಕಡೆಯವರ ನಡುವಿನ ಸಂಧಾನದಿಂದ ನಿರ್ಣಯವಾಗುವಂತಾಯಿತು.

ಸಂಧಾನ ಹೆಚ್ಚಿದಷ್ಟೂ ಮುರಿಯುವ ಸಂದರ್ಭವೂ ಹೆಚ್ಚು. ತಾಲ್ಲೂಕು ಕಚೇರಿಯ ಕಿಂಡಿಯು 2006ರಿಂದ ಹೋಬಳಿಯ ನೆಮ್ಮದಿ ಕೇಂದ್ರಗಳಿಗೂ, 2012ರಲ್ಲಿ ನಾಡಕಚೇರಿಗಳಿಗೂ, ಈಚೆಗೆ ಬಸ್‌ಸ್ಟ್ಯಾಂಡಿನ ಬದಿಯ ಖಾಸಗಿ ಅಂಗಡಿಗಳಿಗೂ ಹಂಚಿಹೋದ ಮೇಲೆ, ದೊಡ್ಡ ಕಂಪ್ಯೂಟರಿನ ಸ್ಥಾನಕ್ಕೆ ಲ್ಯಾಪ್‌ಟಾಪ್ ಬಂದಿತು. ಗಿರಾಕಿಗೆ ಕಾಣಿಸಲೆಂದು ಅದಕ್ಕೆ ಒಂದು ಮಾನಿಟರನ್ನು ಸಿಕ್ಕಿಸಿಟ್ಟಿರುವ ಅಂಗಡಿಗಳೂ ಉಂಟು. ರಾತ್ರಿ ಯಂತ್ರವು ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡು, ಬೆಳಿಗ್ಗೆ ನೋಡಿದರೆ ಹೊರಗಿನ ಮಾನಿಟರು ಕಪ್ಪಾಗಿರುತ್ತದೆ. ಕೆಟ್ಟದ್ದು ಪರದೆಯಲ್ಲ; ಚಿತ್ರಫಲಕವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವು ಹೊಸದಾಗಿ, ಮಾನಿಟರಿನೊಡನೆ ಹಳೆಯದು ಮಾಡಿಕೊಂಡಿದ್ದ ಒಪ್ಪಂದವು ಅದರ ಅರಿವಿನಲ್ಲಿಲ್ಲ. 1991ರ ವ್ಯಾಧಿಯೇ ಇದು. ದೊಡ್ಡ ಕಂಪನಿಗಳೂ ಇದರಿಂದ ಹೊರತಲ್ಲ: 2018ರಲ್ಲಿ ಮ್ಯಾಕ್ ಯಂತ್ರಗಳ 10.13.4ನೆಯ ಆವೃತ್ತಿಯು ಬಂದಾಗ, ಡಿಸ್‌ಪ್ಲೇಲಿಂಕ್ ಎಂಬ ಯುಎಸ್‌ಬಿ ಉಪಾಯದಿಂದ ಹೊರಗಿನ ಮಾನಿಟರುಗಳನ್ನು ನಡೆಸುತ್ತಿದ್ದವರ ಪರದೆಗಳು ಜಗತ್ತಿನಾದ್ಯಂತ ಒಮ್ಮೆಗೇ ಕಪ್ಪಾದವು.

ಇದಕ್ಕೆ ಮಾಡುವ ಚಿಕಿತ್ಸೆ ಹಾಸನದ ಅಂಗಡಿಗಳ ಹುಡುಗರಿಗೆ ಕರತಲಾಮಲಕವಾಗಿದೆ. ಮೊದಲು ಮಾನಿಟರಿನ ವಿದ್ಯುತ್ತನ್ನೇ ಗೋಡೆಯಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಸಿಕ್ಕಿಸುವುದು. ಬೇರೆ ಕೇಬಲನ್ನು ಹಾಕಿ ನೋಡುವುದು. ಟೈಪ್-ಸಿ ಆದರೆ ಆ ರಂಧ್ರವು ಚಿತ್ರವನ್ನು ಒಯ್ಯುವ ಜಾತಿಯದೇ ಎಂದು ವಿಚಾರಿಸುವುದು. ವಿಂಡೋಸ್ ಗುಂಡಿಯೊಡನೆ ‘ಪಿ’ ಒತ್ತಿ, ಚಿತ್ರವನ್ನು ಎರಡೂ ಕಡೆ ತೋರಿಸೆಂದು ಆಜ್ಞೆ ಕೊಡುವುದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರು ಮರುಹುಟ್ಟು ಪಡೆದು ಪರದೆ ಒಂದು ಸಲ ಮಿಟುಕುವುದು. ಅನೇಕ ವೇಳೆ ಇಷ್ಟಕ್ಕೇ ಕೆಲಸವಾಗುತ್ತದೆ. ಆಗದಿದ್ದರೆ ಡಿವೈಸ್ ಮ್ಯಾನೇಜರಿಗೆ ಹೋಗಿ ಹೊಸ ಡ್ರೈವರನ್ನು ಕಳಚಿ ಹಿಂದಿನದಕ್ಕೆ ಮರಳುವುದು, ಇಲ್ಲವೇ ಲ್ಯಾಪ್‌ಟಾಪ್ ತಯಾರಕರೇ ಕೊಟ್ಟದ್ದನ್ನು ಹೊಸದಾಗಿ ಹಾಕುವುದು. ನಡುವೆ ಡಾಕ್ ಎಂಬ ಪೆಟ್ಟಿಗೆಯಿದ್ದರೆ ಅದರ ಒಳತಂತ್ರಾಂಶವನ್ನೂ ಏರಿಸುವುದು. ಇದರಲ್ಲಿ ವಿದ್ವತ್ತಿಗಿಂತ ತಾಳ್ಮೆ ಹೆಚ್ಚು ಬೇಕು.

ತಾಳ್ಮೆಯೇ ದುರ್ಲಭವಾದ ವಸ್ತು. ಒಳಗಿನ ಪರದೆ ಕೆಟ್ಟರೆ ಕೆಲಸ ನಿಲ್ಲುತ್ತದೆ, ಸರದಿ ಗಲಾಟೆಮಾಡುತ್ತದೆ, ಮಧ್ಯಾಹ್ನದೊಳಗೆ ರಿಪೇರಿಯವನು ಬಂದೇ ಬರುತ್ತಾನೆ. ಹೊರಗಿನ ಪರದೆ ಕೆಟ್ಟರೆ ಏನೂ ನಿಲ್ಲುವುದಿಲ್ಲ. ಗುಮಾಸ್ತನಿಗೆ ಕಾಣುತ್ತಿದೆ, ಪ್ರಿಂಟರ್ ಓಡುತ್ತಿದೆ, ಕಪ್ಪು ಮಾನಿಟರಿನ ಮೇಲೆ ಒಂದು ವಾರಕ್ಕೆ ಧೂಳೂ, ಒಂದು ತಿಂಗಳಿಗೆ ಫೈಲುಗಳೂ ಬೀಳುತ್ತವೆ. ರೈತನಾದರೋ ಅದು ಏತಕ್ಕಿತ್ತೆಂದು ಕೇಳುವುದಿಲ್ಲ, ಅದು ಇಲ್ಲದ ಕಿಂಡಿಗಳನ್ನೇ ಅವನು ಹೆಚ್ಚಾಗಿ ಕಂಡಿರುವುದು. ಹಾಳೆ ಕೈಗೆ ಬಂದಮೇಲೆ, ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಯಾರಿಂದಲೋ ಓದಿಸುತ್ತಾನೆ. ಮೂರನೆಯ ಕಾಲಮ್ಮಿನ ವಿಸ್ತೀರ್ಣಕ್ಕೂ ಒಂಬತ್ತನೆಯದಕ್ಕೂ ತಾಳೆಯಿಲ್ಲವೆಂದೋ, ತಾತನ ಹೆಸರಿನಲ್ಲಿ ಒಂದು ಒತ್ತಕ್ಷರ ಹೋಗಿದೆಯೆಂದೋ ಆಗ ತಿಳಿಯುತ್ತದೆ. ಅಕ್ಷರವು ಒಳಗೆ ಬೀಳುತ್ತಿರುವಾಗ ಒಂದು ಮಾತಿನಲ್ಲಿ ತಿದ್ದಿಹೋಗಬಹುದಾಗಿದ್ದ ತಪ್ಪಿಗೆ ಈಗ ತಿದ್ದುಪಡಿ ಅರ್ಜಿ, ಮೂಲದಾಖಲೆಯ ನಕಲು, ತಹಸೀಲ್ದಾರರ ಆದೇಶ, ಮುಂದಿನ ಕಂದಾಯ ಅದಾಲತ್ತಿನ ದಿನಾಂಕ.